ಬೇಡವೆಂದ ಚೊಂಬು ನೀರು

ಹೆಬ್ಬೈಲು, ನಗರ ಹೋಬಳಿ
ಹೊಸನಗರ ತಾಲ್ಲೂಕು
೬ ನವೆಂಬರ್ ೨೦೨೪

ಮಡಗಾಂವಿನಲ್ಲಿರುವ ಶ್ರೀಮತಿ ಯಶೋಧಾ ಅವರಿಗೆ,

ನಿಮ್ಮ ಅಣ್ಣನ ಹೆಂಡತಿ ಯಮುನಾ ಮಾಡುವ ನಮಸ್ಕಾರಗಳು. ನಾದಿನಿಗೆ 'ನೀವು' ಎಂದು ಬರೆದೆನೆಂದು ಗಾಬರಿಯಾಗಬೇಡಿ. ನಮ್ಮ ಮನೆಯ ನೀರು ಮುಟ್ಟದವರನ್ನು ಏಕವಚನದಲ್ಲಿ ಕರೆಯುವಷ್ಟು ಸಲಿಗೆ ನನಗಿಲ್ಲ.

ಫೋನಿನಲ್ಲೇ ಕೇಳಬಹುದಿತ್ತು. ಆದರೆ ಈ ಊರಲ್ಲಿ ಫೋನು ಮಾತಾಡಬೇಕಾದರೆ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಲ್ಲಬೇಕು. ಅಲ್ಲಿ ಯಾವಾಗ ನೋಡಿದರೂ ನಾಲ್ಕು ಜನ ಕಿವಿ ಅರಳಿಸಿಕೊಂಡು ನಿಂತಿರುತ್ತಾರೆ. ನಮ್ಮ ಮನೆಯ ಮಾತು ಅವರ ಬಾಯಿಗೆ ಎಲೆ-ಅಡಿಕೆ ಆಗುವುದು ಬೇಡ ಎಂದು ಕಾಗದ ಬರೆಯುತ್ತಿದ್ದೇನೆ.

ದೀಪಾವಳಿಯ ಬೂರೆ ಹಬ್ಬದ ದಿನ, ಊರೆಲ್ಲ ಹೊಸ ನೀರು ತುಂಬುವ ದಿನ, ನೀವು ಎರಡು ವರ್ಷದ ಮೇಲೆ ಮನೆಗೆ ಬಂದಿರಿ. ಬಚ್ಚಲ ಹಂಡೆಗೆ ಹಿಂಡಲಕಾಯಿ ಬಳ್ಳಿ ಕಟ್ಟುತ್ತಿದ್ದವಳು ಹಾಗೇ ಕೈ ಒರೆಸಿಕೊಂಡು ಓಡಿ ಬಂದೆ. ಚೊಂಬಿನಲ್ಲಿ ಬಾವಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟೆ. ನೀವು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಚೊಂಬನ್ನು ಪಕ್ಕಕ್ಕೆ ಸರಿಸಿ, "ನೀರ್ ಬ್ಯಾಡ ಅತ್ಗೆ" ಎಂದಿರಿ. ಊಟದ ಹೊತ್ತಿಗೂ ನಿಮ್ಮ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು. ಸಂಜೆ ಬಸ್ಸಿಗೆ ಹೊರಟೇಬಿಟ್ಟಿರಿ.

ಪಕ್ಕದ ಮನೆಯ ಕೆರಿಯಪ್ಪಜ್ಜ ಆಗ ಜಗಲಿಯಲ್ಲೇ ಇದ್ದರು. ನೀವು ಅತ್ತ ಹೋದ ಮೇಲೆ ಕೇಳಿದರು: "ಎಂತದೇ ಯಮುನಾ, ಶಿವರಾಮನ ತಂಗಿ ನಿಮ್ಮನೆ ನೀರು ಬಿಟ್ಟಿದಾಳನಾ?"

ಜಗಳವಾದ ದಾಯಾದಿಗಳು ಒಬ್ಬರ ಮನೆಯಲ್ಲಿ ಒಬ್ಬರು ನೀರು ಮುಟ್ಟದಿರುವುದು ನಮ್ಮ ಕಡೆಯ ಪದ್ಧತಿ. ಇದನ್ನು ಈ ಮನೆಯಲ್ಲೇ ಹುಟ್ಟಿದ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಜಮೀನು ಸರ್ವೆಗೆ ಬಂದು ನಮಗೆ ವಿರೋಧವಾಗಿ ಬರೆದುಕೊಂಡು ಹೋದವನು, ಅವನೂ ಆ ಚೊಂಬು ಖಾಲಿ ಮಾಡಿಯೇ ಹೋಗಿದ್ದ. ಮಾವ ತೀರಿಕೊಂಡ ಮೇಲೆ ಪಾಲು ಬೇಡವೆಂದು ನೀವು ಸಹಿ ಹಾಕಿದಿರಿ. ಆಗ ನಗುತ್ತಲೇ ಹಾಕಿದಿರಿ. ಈಗ ಅದು ಮನಸ್ಸಿನಲ್ಲಿ ಕೊರೆಯುತ್ತಿದ್ದರೆ ಬಾಯಿಬಿಟ್ಟು ಹೇಳಿ. ಹಬ್ಬದ ದಿನ ಚೊಂಬಿನ ಮೇಲೆ ತೋರಿಸಬೇಡಿ.

ನಿಮ್ಮ ಮಗಳು ದೀಪಶ್ರೀ ಚೆನ್ನಾಗಿದ್ದಾಳೆ. ದಿನಾ ಹೊಸನಗರದ ಕಾಲೇಜಿಗೆ ಹೋಗಿ ಬರುತ್ತಾಳೆ. ಬಂದ ಕೂಡಲೇ ಈ ಮನೆಯ ನೀರು ಕುಡಿಯುತ್ತಾಳೆ. ಅಷ್ಟರಮಟ್ಟಿಗೆ ನನ್ನ ಪುಣ್ಯ.

ಇತಿ,
ಯಮುನಾ


ಮಡಗಾಂವ್
೨೧ ನವೆಂಬರ್ ೨೦೨೪

ಪ್ರೀತಿಯ ಅತ್ತಿಗೆಗೆ,

ನಿಮ್ಮ 'ನೀವು' ಓದಿ ಕಾಗದ ಮಡಚಿ ಇಟ್ಟೆ, ಮತ್ತೆ ತೆಗೆದು ಓದಿದೆ. ನಾಲ್ಕು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನನಗೆ ಯಾವ ಸಿಟ್ಟೂ ಇಲ್ಲ ಅತ್ತಿಗೆ. ಇಡೀ ರಾತ್ರಿ ಪ್ರಯಾಣ ಮಾಡಿ ಬಂದವಳಿಗೆ ಹೊಟ್ಟೆ ಸರಿ ಇರಲಿಲ್ಲ. ಅದಕ್ಕೇ ನೀರು ಬೇಡವೆಂದೆ. ಕೆರಿಯಪ್ಪಜ್ಜನಿಗೂ ಹಾಗೇ ಹೇಳಿಬಿಡಿ.

ಇಲ್ಲಿ ನಾನು ಆರಾಮವಾಗಿದ್ದೇನೆ. ನೀವು ನೋಡಬೇಕು ನಮ್ಮ ಕಟ್ಟಡವನ್ನು. ಆರು ಮಹಡಿ, ಸುತ್ತ ಗಾಜು, ಒಳಗೆ ಬರೀ ಆಫೀಸುಗಳು. ಮೂರನೆಯದು, ನಾಲ್ಕನೆಯದು ಗುಡಿಸಿ ಒರೆಸುವುದು ನನ್ನ ಪಾಲಿಗೆ. ಒರೆಸಿದ ಮೇಲೆ ನೆಲದಲ್ಲಿ ಮುಖ ಕಾಣುತ್ತದೆ. ಸೂಪರ್‌ವೈಸರ್ ದುರ್ಗೇಶ್ ಹಾವೇರಿ ಕಡೆಯವನಾದ್ದರಿಂದ ಕನ್ನಡ ಕೇಳಲು ಸಿಗುತ್ತದೆ. ರೂಮಿನಲ್ಲಿ ಕೆಲಸದ ಹೆಂಗಸರು ಆರು ಜನ ಇದ್ದೇವೆ. ಫೋನಿನಲ್ಲಿ ಒಬ್ಬಳು ಸೀನಿದರೆ ಐದು ಜನ ಕಾರಣ ಕೇಳುತ್ತಾರೆ. ನೀವು ಕಾಗದವನ್ನೇ ಬರೆಯಿರಿ, ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡರೆ ನನ್ನದೇ ಆಗಿರುತ್ತದೆ.

ಅವಳ ಅಪ್ಪ ಹೋದ ಮೇಲೆ ದೀಪುವನ್ನು ನಿಮ್ಮ ಮಡಿಲಿಗೆ ಹಾಕಿ ಬಂದವಳು ನಾನು. ಅವಳ ಜಡೆ ನೋಡಿದೆ ಹಬ್ಬದಲ್ಲಿ. ದಿನಾ ಎಣ್ಣೆ ಹಾಕಿ ಯಾರೋ ಕೂತು ಹೆಣೆದ ಜಡೆ ಅದು. ಅದಕ್ಕೆ ನಾನು ಏನು ಹೇಳಿದರೂ ಕಡಿಮೆಯೇ.

ಇನ್ನು ಮೇಲೆ ಮೊದಲಿನ ಹಾಗೆ ಯಶೋದಿ ಎಂದೇ ಬರೆಯಿರಿ.

ನಿಮ್ಮ,
ಯಶೋದಿ


ಹೆಬ್ಬೈಲು
೯ ಡಿಸೆಂಬರ್ ೨೦೨೪

ಯಶೋಧಾ,

ಸದ್ಯಕ್ಕೆ ಇಷ್ಟು. 'ಯಶೋದಿ' ಬೇಕಾದರೆ ನಿಜ ಬರೆಯಬೇಕು.

ಹೊಟ್ಟೆ ಸರಿ ಇರಲಿಲ್ಲವಂತೆ! ಹಾಗಾದರೆ ತುಪ್ಪ ಸುರಿದುಕೊಂಡು ಚೀನಿಕಾಯಿ ಕಡುಬು ತಿಂದದ್ದು ಯಾರ ಹೊಟ್ಟೆ? ನಾನು ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬಡಿಸುವವಳು ಎಂಬುದು ಮರೆತುಹೋಯಿತೇ? ನಿಜವಾದ ಹೊಟ್ಟೆನೋವು ಯಾವುದು, ಲೆಕ್ಕದ ಪರೀಕ್ಷೆಯ ಹೊಟ್ಟೆನೋವು ಯಾವುದು ಎಂದು ಮುಖ ನೋಡಿಯೇ ಹೇಳುತ್ತೇನೆ. ನಿನ್ನದು ಎರಡನೆಯ ಜಾತಿಯದು.

ಆದರೆ ನಿನ್ನೆ ದೀಪು ಇನ್ನೊಂದು ಹೇಳಿದಳು. ಸಾಗರದ ತನಕ ನಿನ್ನನ್ನು ಬಿಡಲು ಬಂದಿದ್ದಳಲ್ಲ, ಬಸ್ ಸ್ಟ್ಯಾಂಡಿನಲ್ಲಿ ನೀನು ಚೀಲ ಅವಳ ಕೈಗೆ ಕೊಟ್ಟು, ಸೊಂಟ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆಯಂತೆ. "ಚಾ ಕುಡಿಯನಾ ಅಮ್ಮ" ಎಂದರೆ ಅದೂ ಬೇಡ ಎಂದೆಯಂತೆ. ಮಗಳ ಚಹಾ ಯಾಕೆ ಬೇಡ? ಅವಳೇನು ನಿನ್ನ ಪಾಲು ಬರೆಸಿಕೊಂಡಿದ್ದಳೇ? "ಅತ್ತೆಗೆ ಹೇಳ್ಬ್ಯಾಡ ಅಂದಿತ್ತು ಅಮ್ಮ" ಎಂದು ಒಂದು ತಿಂಗಳು ಬಾಯಿ ಕಟ್ಟಿಕೊಂಡಿದ್ದವಳು ನಿನ್ನೆ ಅನ್ನ ಕಲಸುತ್ತಾ ಅತ್ತುಬಿಟ್ಟಳು.

ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಅದನ್ನು ಆಮೇಲೆ ನೋಡಿಕೊಳ್ಳೋಣ. ಸಿಟ್ಟು ಬಂದವರಿಗೆ ಸೊಂಟ ನೋಯುವುದಿಲ್ಲ. ಏನಾಗಿದೆ ನಿನಗೆ?

ಜೀರಿಗೆ-ಕೊತ್ತಂಬರಿಯ ಕಷಾಯದ ಪುಡಿ ಮಾಡಿ ಡಬ್ಬಿಯಲ್ಲಿ ಕಳಿಸಿದ್ದೇನೆ. ಒಂದು ಚೊಂಬು ನೀರಿಗೆ ಎರಡು ಚಮಚ ಹಾಕಿ ಕುದಿಸಿ ಕುಡಿ. ಬೆಲ್ಲ ಹಾಕಲು ಮರೆಯಬೇಡ.

ಯಮುನಾ


ಮಡಗಾಂವ್
೨ ಜನವರಿ ೨೦೨೫

ಅತ್ತಿಗೆ,

ಕಷಾಯದ ಪುಡಿ ಬಂತು. ಡಬ್ಬಿ ತೆಗೆದ ಕೂಡಲೇ ರೂಮೆಲ್ಲ ನಿಮ್ಮ ಅಡುಗೆಮನೆಯ ವಾಸನೆಯಾಯಿತು. ಮೂಸಿ ನೋಡಿ ಅಳು ಬಂತು. ಆದರೆ ಕುಡಿಯಲಿಲ್ಲ. ಯಾಕೆ ಎಂದು ಇವತ್ತು ಬರೆದೇಬಿಡುತ್ತೇನೆ. ಓದಿ ಒಲೆಗೆ ಹಾಕಿ.

ಈ ಕಟ್ಟಡದ ಟಾಯ್ಲೆಟ್‌ಗಳನ್ನು ಬೆಳಗಿನಿಂದ ಸಂಜೆಯವರೆಗೆ ತೊಳೆಯುವವರು ನಾವು. ಕನ್ನಡಿ ಒರೆಸುತ್ತೇವೆ, ಸುವಾಸನೆಯ ಬಿಲ್ಲೆ ಇಡುತ್ತೇವೆ. ಆದರೆ ಅವುಗಳಲ್ಲಿ ನಾವು ಹೋಗುವ ಹಾಗಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಅದೇ. ನಮಗೆ ಎಂದು ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಒಂದಿದೆ. ಡ್ರೈವರುಗಳೂ ಅಲ್ಲಿಗೇ ಬರುತ್ತಾರೆ. ಬಾಗಿಲಿಗೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದುಕೊಂಡು ನಿಲ್ಲಬೇಕು. ಇಬ್ಬರೂ ಮಹಡಿ ಬಿಟ್ಟು ಇಳಿದರೆ ಎಲ್ಲಿಗೆ ಹೋದಿರಿ ಎಂದು ದುರ್ಗೇಶ್ ಕೇಳುತ್ತಾನೆ. ಗಂಡಸಿನ ಹತ್ತಿರ ದಿನಾ ಅದನ್ನೇನು ಹೇಳುವುದು?

ಅದಕ್ಕೆ ಎಲ್ಲರೂ ಕಂಡುಕೊಂಡ ಉಪಾಯ ಒಂದೇ. ರಾತ್ರಿ ಊಟವಾದ ಮೇಲೆ ಮಾರನೇ ದಿನ ಡ್ಯೂಟಿ ಮುಗಿಯುವವರೆಗೆ ನೀರು ಮುಟ್ಟದಿರುವುದು. ಹೊಸಬರು ಬಂದರೆ ಹಳಬರು ಮೊದಲು ಕಲಿಸುವ ಪಾಠ ಅದು, ಕಸಬರಿಗೆ ಹಿಡಿಯುವುದು ಆಮೇಲೆ. ಎರಡು ವರ್ಷದಲ್ಲಿ ನನಗೆ ಬಾಯಾರಿಕೆ ಎನ್ನುವುದೇ ಮರೆತುಹೋಗಿದೆ.

ಬಸ್ಸಿನಲ್ಲೂ ಹೀಗೆಯೇ. ಹಬ್ಬದ ಸಂಜೆ ಮತ್ತೆ ನಗರ ಪೇಟೆಯಿಂದ ಸಾಗರ, ಸಾಗರದಿಂದ ಘಟ್ಟ ಇಳಿದು ಹೊನ್ನಾವರ, ಅಲ್ಲಿಂದ ರೈಲು. ದಾರಿ ಮಧ್ಯೆ ಎದ್ದು ನಿಂತು, ಅಷ್ಟು ಗಂಡಸರ ಎದುರು "ಬಸ್ ನಿಲ್ಸಿ" ಎನ್ನುವ ಬಾಯಿ ನನಗೆ ದೇವರು ಕೊಟ್ಟಿಲ್ಲ. ಜೊತೆಗೆ ಆಷಾಢದಿಂದ ಮೂತ್ರಕ್ಕೆ ಹೋದರೆ ಉರಿ. ನೀವು ಚೊಂಬು ಹಿಡಿದು ಬಂದಾಗ ನನಗೆ ಬಂದದ್ದು ಸಿಟ್ಟಲ್ಲ ಅತ್ತಿಗೆ, ಹೆದರಿಕೆ.

ಈಗ ಬಲಗಡೆ ಸೊಂಟದ ಮೇಲೆ ನೋವು, ಆಗಾಗ ನಡುಕ ಬಂದು ಜ್ವರ. ದೊಡ್ಡಾಸ್ಪತ್ರೆಯಲ್ಲಿ ಚೀಟಿ ಕೊಡುವ ಹೊತ್ತೂ ನಮ್ಮ ಡ್ಯೂಟಿಯ ಹೊತ್ತೂ ಒಂದೇ. ಒಂದು ಭಾನುವಾರ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಅವರ ಭಾಷೆಯಲ್ಲಿ ಕೇಳಿದರು. ಹಿಂದೆ ಗಂಡಸರ ಸಾಲು. ಉರಿ ಎನ್ನುವುದಕ್ಕೆ ಮಾತೂ ಬರಲಿಲ್ಲ, ಕೈಯಲ್ಲಿ ತೋರಿಸುವ ಜಾಗವೂ ಅಲ್ಲ ಅದು. ಸೊಂಟ ತೋರಿಸಿದೆ. ಅವರು ಸೊಂಟಕ್ಕೆ ಹಚ್ಚುವ ಮುಲಾಮು ಕೊಟ್ಟು ಕಳಿಸಿದರು. ಅವರದೇನು ತಪ್ಪು, ತೋರಿಸಿದ್ದಕ್ಕೆ ಮದ್ದು ಕೊಟ್ಟರು. ಹೊರಗೆ ಬಂದ ಮೇಲೆ ನಗು ಬಂತು, ಆಮೇಲೆ ನಗು ನಿಂತಿತು.

ಪಾಲಿನ ವಿಷಯ ಎತ್ತಿದಿರಿ. ನನ್ನ ಮಗಳು ನಿಮ್ಮ ಕೈಯ ಅನ್ನ ಉಣ್ಣುತ್ತಿರುವಾಗ ನನಗೆ ಇನ್ಯಾವ ಪಾಲು ಬೇಕು? ಆ ಮಾತು ಇನ್ನೊಮ್ಮೆ ಆಡಬೇಡಿ.

ಅಣ್ಣನಿಗೂ ದೀಪುಗೂ ಇದನ್ನು ಹೇಳಬಾರದು. ನಿಮ್ಮ ಮೇಲೆ ಆಣೆ.

ಯಶೋದಿ


ಹೆಬ್ಬೈಲು
೧೦ ಜನವರಿ ೨೦೨೫

ಯಶೋದೀ,

ನಿನ್ನ ಕಾಗದ ಓದುತ್ತಾ ಒಲೆಯ ಮೇಲಿದ್ದ ಅನ್ನ ಸೀದುಹೋಯಿತು.

ಈ ಕಾಗದ ಕಂಡ ಕೂಡಲೇ ಹೊರಟು ಬಾ. ನನ್ನ ತವರು ಅರಳಸುರಳಿಯವರೆಲ್ಲ ಹೋಗುವ ಒಬ್ಬ ಹೆಂಗಸು ಡಾಕ್ಟರು ತೀರ್ಥಹಳ್ಳಿಯಲ್ಲಿದ್ದಾರೆ. ಅವರ ಮುಂದೆ ಕನ್ನಡದಲ್ಲಿ, ಎಲ್ಲಿ ಉರಿಯೋ ಅಲ್ಲಿ ಉರಿ ಎಂದು ಹೇಳಬಹುದು. ನಾಚಿಕೆಯಾದರೆ ನಾನು ಹೇಳುತ್ತೇನೆ.

ನಮ್ಮೂರ ಆಶಾ ಕಾರ್ಯಕರ್ತೆ ವಿನಯಾಳನ್ನು ನಿನ್ನ ಹೆಸರೆತ್ತದೆ ಕೇಳಿದೆ. "ನಡುಕ ಜ್ವರ ಬಂತು ಅಂದ್ರೆ ಕಿಡ್ನಿಗೆ ಹೋಗಿರ್ತದೆ ಯಮುನಕ್ಕ, ತಡ ಮಾಡೂಕಾಗಲ್ಲ. ಯಾರಿಗೆ?" ಎಂದಳು. ನಮ್ಮ ಪೈಕಿಯವರಿಗೆ ಎಂದು ಬಂದುಬಿಟ್ಟೆ. ಬಂದವಳೇ ಈ ಕಾಗದ ಬರೆಯಲು ಕೂತೆ.

ಪಾಲಿನ ಮಾತಿಗೆ ಏನು ಹೇಳಲಿ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಕೆಲಸ ಹಾಳಾಗಿಹೋಗಲಿ. ಬಾ.

ಅತ್ತಿಗೆ


ಮಡಗಾಂವ್
೧೯ ಜನವರಿ ೨೦೨೫

ಅತ್ತಿಗೆ,

ಈಗ ಆರಾಮ. ಜ್ವರ ಬಿಟ್ಟಿದೆ. ಮೆಡಿಕಲ್ ಶಾಪಿನವನು ಕೊಟ್ಟ ಗುಳಿಗೆ ಹಿಡಿಯಿತು. ಈಗ ರಜೆ ಹಾಕಿದರೆ ನನ್ನ ಜಾಗಕ್ಕೆ ಇನ್ನೊಬ್ಬಳನ್ನು ಹಾಕುತ್ತಾರೆ. ದೀಪುವಿನ ಪರೀಕ್ಷೆ ಮುಗಿಯಲಿ, ಬೇಸಿಗೆಯಲ್ಲಿ ಬರುತ್ತೇನೆ. ಚಿಂತೆ ಮಾಡಬೇಡಿ.

ಅಕ್ಷರ ಅಲುಗಿದೆ, ಪೆನ್ನು ಸರಿಯಿಲ್ಲ.

ಯಶೋದಿ


ಮಡಗಾಂವ್
೧೨ ಮಾರ್ಚ್ ೨೦೨೫

ನನ್ನ ಅತ್ತಿಗೆಗೆ,

ನೀವು ಊರಿಗೆ ಹೋಗಿ ತಿಂಗಳ ಮೇಲಾಯಿತು. ಇಷ್ಟು ದಿನ ಬರೆಯಲಿಲ್ಲ, ಹೇಗೆ ಶುರು ಮಾಡುವುದು ಎಂದು ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ.

ಪೆನ್ನು ಸರಿಯಿಲ್ಲ ಎಂದು ಬರೆದಿದ್ದೆ. ಆ ಕಾಗದ ನಿಮಗೆ ಮುಟ್ಟಿದ್ದೇ ತಡ, ಸಾಗರ ದಾಟಿ ಗೊತ್ತಿಲ್ಲದ ನೀವು ಮಡಗಾಂವಿನ ನಮ್ಮ ರೂಮಿನ ಬಾಗಿಲಲ್ಲಿ ನಿಂತು, "ಪೆನ್ನಿಗೂ ಚಳಿಜ್ವರ ಬರ್ತದನಾ ಮಾರಾಯ್ತಿ?" ಎಂದಿರಿ. ಕಂಬಳಿ ಹೊದ್ದು ನಡುಗುತ್ತಿದ್ದವಳಿಗೆ ಅದು ಕನಸು ಎಂದೇ ಅನಿಸಿತು. ನಿಮ್ಮ ಚೀಲದಿಂದ ಚೊಂಬು ಹೊರಗೆ ಬಂದ ಮೇಲೆ ನಿಜ ಎಂದು ತಿಳಿಯಿತು. ಕನಸಿನಲ್ಲಿ ಯಾರೂ ಊರಿನ ಚೊಂಬು ಹೊತ್ತುಕೊಂಡು ಬರುವುದಿಲ್ಲ.

ಆಮೇಲಿನದು ನನಗೆ ತುಂಡುತುಂಡಾಗಿ ನೆನಪು. ಆಟೋ, ದೊಡ್ಡಾಸ್ಪತ್ರೆಯ ಉದ್ದದ ಸಾಲು, ನೀವು ನನ್ನನ್ನು ಬೆಂಚಿನ ಮೇಲೆ ಮಲಗಿಸಿ "ಇಲ್ಲಿ ಕನ್ನಡದವ್ರು ಯಾರಾದ್ರೂ ಇದೀರನಾ?" ಎಂದು ಗದ್ದೆ ಆಚೆಯವರನ್ನು ಕರೆದ ಹಾಗೆ ಕೂಗಿದ್ದು. ಎಲ್ಲರೂ ತಿರುಗಿ ನೋಡಿದರು. ನೆಲ ಒರೆಸುತ್ತಿದ್ದ ಫಕೀರವ್ವ ಕೋಲು ಗೋಡೆಗೆ ಒರಗಿಸಿ ಬಂದಳಲ್ಲ, "ಏನಾಗೇತ್ರೆವ್ವ?" ಎಂದಳಲ್ಲ, ಆ ಮಾತು ಕೇಳಿಯೇ ಅರ್ಧ ಜ್ವರ ಇಳಿಯಿತು. ನಾನು ಅವಳಿಗೆ ಹೇಳಿದೆ, ಅವಳು ಡಾಕ್ಟರಮ್ಮನಿಗೆ ಹೇಳಿದಳು. ಆಷಾಢದಿಂದ ನನ್ನೊಳಗೇ ಇದ್ದ ಮಾತು ಆಡಿ ಮುಗಿಯಲು ಒಂದು ಗಳಿಗೆ ಸಾಕಾಯಿತು. ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡೇ ಕೇಳಿದರು. ಅವರ ಭಾಷೆ ನನಗೆ ಬರುವುದಿಲ್ಲ, ಆದರೆ ಕೈ ಹಿಡಿದದ್ದು ಅರ್ಥವಾಯಿತು.

ಕಲ್ಲು ಮೂತ್ರದ ದಾರಿಗೆ ಅಡ್ಡ ಕೂತು ಕಿಡ್ನಿ ಊದಿಕೊಂಡಿತ್ತು, ಇನ್ನೂ ತಡವಾಗಿದ್ದರೆ ಆ ಬದಿಯದು ಹೋಗುತ್ತಿತ್ತು ಎಂದು ನಿಮಗೇ ಹೇಳಿದ್ದರಲ್ಲ. ಕಲ್ಲು ಒಡೆದ ಮೇಲೆ ಒಳಗೆ ಇಟ್ಟಿದ್ದ ನಳಿಕೆಯನ್ನು ಹೋದ ವಾರ ತೆಗೆದರು. ಎರಡೂ ಉಳಿದಿವೆ ಅತ್ತಿಗೆ. ಎರಡೂ ಕೆಲಸ ಮಾಡುತ್ತಿವೆ.

ನನ್ನ ಕೆಲಸವೂ ಉಳಿದಿದೆ. ರೂಮಿನ ಐವರೂ ನನ್ನ ಎರಡು ಮಹಡಿಗಳನ್ನು ಹಂಚಿಕೊಂಡು, ಒಂದು ದಿನವೂ ಬಿಡದೆ ಒರೆಸಿ, ಬೇರೆಯವರು ಬಾರದ ಹಾಗೆ ನೋಡಿಕೊಂಡರು. ಅವರ ಬೆನ್ನೂ ನೋಯುತ್ತದೆ. ಹಾಗಿದ್ದೂ ಮಾಡಿದರು. ಈ ಋಣ ಯಾವ ಜನ್ಮದಲ್ಲಿ ತೀರಿಸಲಿ?

ಈಗ ನೀವು ನನ್ನಿಂದ ಮುಚ್ಚಿಟ್ಟ ವಿಷಯಕ್ಕೆ ಬರುತ್ತೇನೆ. ಸೋಮವಾರ ಕೆಲಸಕ್ಕೆ ಹೋದೆ. ದುರ್ಗೇಶ್ ಒಂದು ಕೀಲಿಕೈ ತಂದು ನನ್ನ ಕೈಗಿಟ್ಟ. "ಎರಡನೇ ಮಹಡಿ ಪ್ಯಾಂಟ್ರಿ ಹಿಂದಿನ ಟಾಯ್ಲೆಟ್ಟಿಂದು. ಇನ್ನ ಮ್ಯಾಲೆ ನಿಮ್ಮ ಹೆಣ್ಮಕ್ಕಳದಽ. ಆಫೀಸ್‌ನಾವ್ರ ಮುಂದ ಸುದ್ದಿ ಬ್ಯಾಡ" ಎಂದ. ಇದೇನು ಇದ್ದಕ್ಕಿದ್ದ ಹಾಗೆ ಎಂದೆ. ಅವನು ಕೇಳಿದ: "ನಿಮ್ಮ ಅತ್ತಿಗಿಯಾರು ನಿಮಗ ಹೇಳಿಲ್ಲೇನು?"

ನೀವು ಮೊದಲು ಬಂದದ್ದು ರೂಮಿಗಲ್ಲ, ಕಟ್ಟಡಕ್ಕೆ! ಒಳಗೆ ಬಂದು ಮೆತ್ತನೆ ಸೋಫಾದ ಮೇಲೆ ಚೀಲ ಇಟ್ಟು ಕೂತಿರಂತೆ. ಬಾಗಿಲ ಹತ್ತಿರದ ಹುಡುಗಿ ನೀರಿನ ಬಾಟಲಿ ಕೊಟ್ಟಳಂತೆ. ನೀವು ಪೂರ್ತಿ ಕುಡಿದು, ದುರ್ಗೇಶನನ್ನು ಕರೆಸಿ, "ನೀರು ಕೊಟ್ರಿ, ಪುಣ್ಯ ಬರ್ಲಿ. ಈಗ ಎಲ್ಲಿಗೆ ಹೋಗ್ಲಿ ಹೇಳಿ" ಎಂದಿರಂತೆ. ಅವನು ನೆಲಮಾಳಿಗೆ ತೋರಿಸಿದ. ಇಳಿದು ಹೋಗಿ, ಹತ್ತಿ ಬಂದು, ಅಷ್ಟು ಜನರ ಎದುರು ಹೇಳಿದಿರಂತೆ: "ತಮ್ಮಾ, ನಮ್ಮನೆ ಕೊಟ್ಟಿಗೆ ಬಾಗ್ಲಿಗೂ ಚಿಲಕ ಇದೆ."

"ಅವತ್ತ ರಾತ್ರಿ ಊಟ ಸೇರ್ಲಿಲ್ರಿ ನನಗ. ನಮ್ಮವ್ವನೂ ಹಿಂಗಽ ಊರಾಗ ಕೆಲಸಕ್ಕ ಹೋಗ್ತಿದ್ಲು" ಎಂದ ದುರ್ಗೇಶ್. ಕೆಳಗಿನದಕ್ಕೂ ಚಿಲಕ ಹಾಕಿಸಿದ್ದಾನೆ. ಒಳ್ಳೆಯವನು ಅವನು. ನಾವೂ ಕೇಳಿರಲಿಲ್ಲ, ಅವನಿಗೂ ತೋಚಿರಲಿಲ್ಲ.

ಈಗ ಆರು ಜನರ ಹತ್ತಿರವೂ ನೀರಿನ ಬಾಟಲಿಗಳಿವೆ. ನಿಮ್ಮ ಕಷಾಯ ಕುದಿಸಿ ಎಲ್ಲರಿಗೂ ಕೊಟ್ಟೆ. ಪುಡಿ ಮುಗಿದಿದೆ.

ನನಗೆ ಅವ್ವ ಹೋದ ಮೇಲೆ ಅವ್ವ ಇರಲಿಲ್ಲ. ಇದ್ದಾಳೆ ಎಂದು ಈಗ ಗೊತ್ತಾಯಿತು.

ಯಶೋದಿ


ಹೆಬ್ಬೈಲು
೨೭ ಮಾರ್ಚ್ ೨೦೨೫

ಯಶೋದಿ,

ದುರ್ಗೇಶ್ ಹೇಳಿದ್ದನ್ನೆಲ್ಲ ನಂಬಬೇಡ. ನಾನು ಅಂಥ ಧೈರ್ಯವಂತೆಯೇನಲ್ಲ. ನಡೆದದ್ದು ಬೇರೆ.

ಮನೆಯಿಂದ ಹೊರಡುವಾಗ ಒಂದು ಹುಚ್ಚು ಹಟ ಬಂತು. ನನ್ನ ನಾದಿನಿ ದಿನಾ ಮಾಡುವುದನ್ನು ನಾನು ಒಂದು ದಿನ ಮಾಡಿ ನೋಡುತ್ತೇನೆ ಎಂದು ನೀರು ಬಿಟ್ಟೆ. ಸಾಗರಕ್ಕೆ ಬರುವಾಗ ನಾಲಿಗೆ ಒಣಗಿತು. ಘಟ್ಟ ಇಳಿಯುವಾಗ ತಲೆ ಸಿಡಿಯಿತು. ರೈಲಿನಲ್ಲಿ ಎದುರು ಕೂತ ಮಗು ಬಾಟಲಿಯಿಂದ ಗುಟುಕರಿಸುವುದನ್ನು ನೋಡಿ ಅದರ ಕೈಯಿಂದ ಕಿತ್ತುಕೊಳ್ಳುವ ಮನಸ್ಸಾಯಿತು. ನೀನು ಡ್ಯೂಟಿಯಲ್ಲಿರುತ್ತೀಯೆಂದು ಮೊದಲು ನಿಮ್ಮ ಕಟ್ಟಡ ಹುಡುಕಿಕೊಂಡು ಹೋದೆ. ಅಲ್ಲಿನ ಹುಡುಗಿ ನೀರು ಕೊಟ್ಟಾಗ ಹಟ ಎಲ್ಲಿ ಹೋಯಿತೋ, ಒಂದೇ ಉಸಿರಿಗೆ ಕುಡಿದೆ. ಆಮೇಲೆ ನಿಜವಾಗಿಯೂ ಅವಸರವಾಯಿತು. ಅದಕ್ಕೆ ಕೇಳಿದ್ದು. ಜಗಳಕ್ಕಲ್ಲ.

ಕೆಳಗೆ ಹೋದೆ. ಬಾಗಿಲು ಹಿಡಿಯಲು ಯಾರೂ ಇರಲಿಲ್ಲ. ಒಂದು ಕೈಯಲ್ಲಿ ಬಾಗಿಲು ಎಳೆದು ಹಿಡಿದುಕೊಂಡು ಕೂತೆ. ಹೊರಗೆ ಗಂಡಸರ ಮಾತು, ಬೀಡಿ ಹೊಗೆ. ಅಲ್ಲೇ ಅತ್ತುಬಿಟ್ಟೆ ಯಶೋದಿ. ನೀರು ಬೇಡವೆಂದ ನಿನಗೆ 'ಶ್ರೀಮತಿ' ಎಂದು ಬರೆದ ಕಾಗದ ನೆನಪಾಯಿತು. ಮೇಲೆ ಬಂದಾಗ ಕೊಟ್ಟಿಗೆಯ ಮಾತು ತಾನಾಗಿಯೇ ಬಾಯಿಂದ ಬಂತು, ಅಷ್ಟೇ. ಒಳ್ಳೆಯದಾಯಿತಲ್ಲ, ಬಿಡು.

ನಿಮ್ಮಣ್ಣನಿಗೆ ಎಲ್ಲ ಹೇಳಿಬಿಟ್ಟೆ. ಆಣೆ ಮುರಿದೆ, ಪಾಪ ಬಂದರೆ ನನಗೆ ಬರಲಿ. ಅವರು ಎದ್ದು ಕೊಟ್ಟಿಗೆಗೆ ಹೋದರು, ಬಹಳ ಹೊತ್ತು ಬರಲಿಲ್ಲ. ಮಾರನೇ ದಿನ ನಮ್ಮ ಶಾಲೆಗೆ ಬಂದರು. ಅಲ್ಲಿ ಹೆಣ್ಣುಮಕ್ಕಳ ಟಾಯ್ಲೆಟ್ಟಿನ ಚಿಲಕವೂ ಕಿತ್ತುಹೋಗಿ ಎಷ್ಟೋ ಕಾಲವಾಗಿತ್ತು. ದಿನಾ ಅದರ ಪಕ್ಕದಲ್ಲೇ ಅನ್ನ ಬೇಯಿಸುವ ನನಗೂ ಕಂಡಿರಲಿಲ್ಲ. ಹೊಸ ಚಿಲಕ ಜಡಿದು ಹೋದರು. ಈಗ ಊಟದ ಹೊತ್ತಿಗೆ ಹುಡುಗಿಯರು ಎರಡೆರಡು ಲೋಟ ನೀರು ಕೇಳುತ್ತಾರೆ.

ಉಪಕಾರ, ಋಣ ಎಂದೆಲ್ಲ ಬರೆಯಬೇಡ. ನಿನ್ನಿಂದ ನಾನು ಸಮುದ್ರ ನೋಡಿದೆ. ಫಕೀರವ್ವನಂಥ ಒಬ್ಬಳು ತಂಗಿ ಸಿಕ್ಕಿದಳು. ಅವಳಿಗೂ ಸೇರಿಸಿ ಪುಡಿ ಕಳಿಸಿದ್ದೇನೆ, ದೊಡ್ಡ ಡಬ್ಬಿ ಅವಳದು.

ಮಳೆಗಾಲದೊಳಗೆ ಒಮ್ಮೆ ಬಂದು ತೀರ್ಥಹಳ್ಳಿಯ ಡಾಕ್ಟರಿಗೆ ತೋರಿಸಿಕೊಂಡು ಹೋಗು. ಬೂರೆ ಹಬ್ಬಕ್ಕಂತೂ ಬರಲೇಬೇಕು. ಕೆರಿಯಪ್ಪಜ್ಜ ಈಗಿನಿಂದಲೇ ಕೇಳುತ್ತಿದ್ದಾರೆ. ಅವರ ಎದುರೇ ಕುಡಿಯಬೇಕು ನೀನು.

ನಿನ್ನ ಅತ್ತಿಗೆ


ಮಡಗಾಂವ್
೨೪ ಅಕ್ಟೋಬರ್ ೨೦೨೫

ಅತ್ತಿಗೆ,

ಸುಖವಾಗಿ ಬಂದು ಮುಟ್ಟಿದೆ. ದಾರಿಯಲ್ಲಿ ಆದದ್ದನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ, ನೀವು ಕೂತು ಓದಬೇಕು.

ಈ ಸಲ ಚೊಂಬು ಎತ್ತಿ ಕುಡಿಯುವಾಗ ಕೆರಿಯಪ್ಪಜ್ಜ "ನಿಧಾನ ಕಣೇ ಹುಡ್ಗಿ, ಬಾವೀಲಿ ಇನ್ನೂ ಇದೆ" ಎಂದರಲ್ಲ, ಅದನ್ನು ನೆನೆದು ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಊಟಕ್ಕೆ ಮತ್ತೆ ಕುಡಿದಿದ್ದೆ. ಹೊರಡುವಾಗ ಇನ್ನೊಂದು ಲೋಟ ನೀವು ಕುಡಿಸಿದಿರಿ, ಅದು ಸಾಲದೆಂದು ಬಾಟಲಿ ತುಂಬಿಸಿ, ಸಾಗರದ ತನಕ ಬಿಡಲು ಹೊರಟ ದೀಪುವಿನ ಕೈಗೆ ಕೊಟ್ಟಿರಿ. ಹೊಸನಗರ ದಾಟಿದೆವು. ಬಟ್ಟೆಮಲ್ಲಪ್ಪವೂ ದಾಟಿತು. ನನಗೆ ಕೂರಲಾಗಲಿಲ್ಲ. ಹಬ್ಬ ಮುಗಿಸಿ ಹೊರಟ ಜನ, ನಿಲ್ಲಲೂ ಜಾಗವಿಲ್ಲದ ಬಸ್ಸು, ಎಲ್ಲ ಕಡೆ ಗಂಡಸರು. ಹಳೆಯ ಅಭ್ಯಾಸ ಬಂತು. ಹಲ್ಲು ಕಚ್ಚಿದೆ. ಸಾಗರ ಇನ್ನೇನು ಬಂತು ಎಂದುಕೊಂಡೆ.

ಪಕ್ಕದಲ್ಲಿ ದೀಪು ನನ್ನ ಮುಖ ನೋಡಿದಳು. ಅವತ್ತು ಬಸ್ ಸ್ಟ್ಯಾಂಡಿನ ಮೆಟ್ಟಿಲ ಹತ್ತಿರ ನೋಡಿದ ಹಾಗೇ ನೋಡಿದಳು. ಅವಳು ಕಲಿಯುತ್ತಿರುವ ಪಾಠ ಯಾವುದು ಎಂದು ಒಮ್ಮೆಲೇ ಹೊಳೆದು ನನಗೆ ಭಯವಾಯಿತು. ಕಂಬಿ ಹಿಡಿದು ಎದ್ದು ನಿಂತೆ.

"ಬಸ್ ನಿಲ್ಸಿ" ಎಂದೆ. ದನಿ ಹೊರಡಲಿಲ್ಲ. ಇನ್ನೊಮ್ಮೆ ಹೇಳಿದೆ. ಈ ಸಲ ಆಸ್ಪತ್ರೆಯಲ್ಲಿ ನೀವು ಕೂಗಿದಿರಲ್ಲ, ಅಷ್ಟು ಜೋರಾಗಿ ಬಂತು.

ಕಂಡಕ್ಟರ್ ತಿರುಗಿದ. "ಎಂತದ್ರೀ, ಇಲ್ಲಿ ಯಾವ ಸ್ಟಾಪೂ ಇಲ್ಲ."

"ಇಲ್ಲ ಅಂತ ಗೊತ್ತು. ನೀರು ಕುಡ್ದೀನಿ, ಇಳ್ದು ಹೋಗ್ಬೇಕು" ಎಂದೆ.

ಮುಂದಿನ ಸೀಟಿನವರು ತಿರುಗಿ ನೋಡಿದರು. ಯಾರೋ ಹುಡುಗರು ನಕ್ಕರು. ನಾನು ಕೂರಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ನೋಡಿ, ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದ. ಬಸ್ಸು ನಿಂತಿತು ಅತ್ತಿಗೆ! ಹೇಳಿದರೆ ನಿಲ್ಲುತ್ತದೆ. ಇಷ್ಟು ವರ್ಷ ನನಗೆ ಅದು ಗೊತ್ತೇ ಇರಲಿಲ್ಲ.

ಇಳಿದು ಮರಗಳ ಮರೆಗೆ ಹೋಗುತ್ತಾ ಹಿಂದೆ ಹೆಜ್ಜೆ ಕೇಳಿ ತಿರುಗಿದೆ. ಒಬ್ಬರು ಅಜ್ಜಿ, ಕಾಲೇಜಿನ ಹುಡುಗಿಯೊಬ್ಬಳು, ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬಳು. ಮೂವರೂ ನನ್ನ ಹಿಂದೆಯೇ ಇಳಿದಿದ್ದರು. ಕೂಸನ್ನು ದೀಪು ಎತ್ತಿಕೊಂಡಳು. ವಾಪಸು ಬರುವಾಗ ಅಜ್ಜಿ ನನ್ನ ಭುಜ ಹಿಡಿದುಕೊಂಡು ಹೇಳಿದರು: "ನೀ ಬಾಯಿ ಬಿಟ್ಟೆ, ನಾ ಬದ್ಕ್ಕಂಡೆ ತಂಗಿ. ನಗರದಿಂದ್ಲೂ ಕಟ್ಕಂಡು ಕೂತಿದ್ದೆ."

ಬಸ್ಸು ಹೊರಟಿತು. ಬಾಟಲಿಯಲ್ಲಿ ನಿಮ್ಮ ಬಾವಿಯ ನೀರು ಇನ್ನೂ ಅರ್ಧ ಇತ್ತು. ಅಜ್ಜಿಗೆ ಕೊಟ್ಟೆ, ದೀಪುಗೆ ಕೊಟ್ಟೆ, ಉಳಿದದ್ದನ್ನು ನಾನು ಕುಡಿದೆ.

ಯಶೋದಿ